ಗುಂಡು ಹಾರದ ಮದುವೆ

ಕಳೆದ ತಿಂಗಳು ಶಿರ್ವದಲ್ಲಿ ನಮ್ಮ ನೆರೆಮನೆಯ ಹುಡುಗಿಯ ಮದುವೆಯಾಯಿತು. ದಿಬ್ಬಣ ಬಂದಾಗ ಹುಡುಗರು ಗರ್ನಾಲು ಸಿಡಿಸಿದರು. ಸದ್ದು ಅಡಗಿದ ಮೇಲೆ ಮದ್ದಿನ ಹೊಗೆ ಬೇಲಿ ದಾಟಿ ನಮ್ಮ ಅಡುಗೆಮನೆಯ ಕಿಟಕಿಗೂ ಬಂತು. ಬಂಗುಡೆ ಸಾರಿಗೆ ಹುಳಿ ಹಿಂಡುತ್ತಿದ್ದ ನಾನು ಕೈ ತೊಳೆಯುವುದನ್ನೂ ಮರೆತು ಕಿಟಕಿಯ ಬಳಿ ನಿಂತುಬಿಟ್ಟೆ. ಆ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮೂರಿನ ಯಾವ ಹಬ್ಬವೂ ಅಲ್ಲ, ಸೌದಿಯ ತಾಯಿಫಿನ ಒಂದು ಬೇಸಿಗೆ.

ತೊಂಬತ್ತರ ದಶಕದ ನಡುಭಾಗ. ಕುವೈತಿನ ಯುದ್ಧ ಮುಗಿದು ಕೆಲವು ವರ್ಷ ಕಳೆದಿತ್ತು. ನಾನು ತಾಯಿಫಿನ ಒಂದು ಆಸ್ಪತ್ರೆಯಲ್ಲಿ ಗಂಡಸರ ಸರ್ಜಿಕಲ್ ವಾರ್ಡಿನ ನರ್ಸ್ ಆಗಿದ್ದೆ. ಜಿದ್ದಾದಲ್ಲಿದ್ದ ನಮ್ಮೂರಿನ ಗೆಳತಿಯರು ಫೋನ್ ಮಾಡಿದಾಗಲೆಲ್ಲ ನನ್ನ ಅದೃಷ್ಟವನ್ನು ಹೊಗಳುತ್ತಿದ್ದರು. ಕೆಳಗೆ ಜಿದ್ದಾ, ಮಕ್ಕಾ ಬಾಣಲೆಯಂತೆ ಕಾಯುತ್ತಿದ್ದರೆ ಬೆಟ್ಟದ ಮೇಲಿನ ತಾಯಿಫಿನಲ್ಲಿ ಸಂಜೆಗೆ ಸ್ವೆಟರ್ ಬೇಕಾಗುತ್ತಿತ್ತು. ಮಧ್ಯಾಹ್ನ ಎಲ್ಲಿಂದಲೋ ಮೋಡ ಕವಿದು, ಗುಡುಗಿ, ಅರ್ಧ ಗಂಟೆ ಮಳೆ ಸುರಿದು, ಮತ್ತೆ ಬಿಸಿಲು ಬೀಳುತ್ತಿತ್ತು. ಶಾಲೆಗಳಿಗೆ ರಜೆ ಸಿಕ್ಕಿದೊಡನೆ ಕೆಳಗಿನ ಊರುಗಳ ಸಂಸಾರಗಳೆಲ್ಲ ಬೆಟ್ಟ ಹತ್ತಿ ಬರುತ್ತಿದ್ದವು. ಆಗಲೇ ಮದುವೆಗಳ ಕಾಲವೂ ಶುರುವಾಗುತ್ತಿತ್ತು. ಊರಿನ ಅಂಚಿನ ಮನೆಗಳಿಗೆ ತಲೆಯಿಂದ ಕಾಲಿನವರೆಗೆ ಬಲ್ಬಿನ ಸರ ಇಳಿಬಿಡುತ್ತಿದ್ದರು. ದೂರದಿಂದ ನೋಡಿದರೆ ಬೆಟ್ಟದ ಮೈಮೇಲೆ ಯಾರೋ ಹಳದಿ ಮಣಿಗಳನ್ನು ಚೆಲ್ಲಿದ ಹಾಗೆ ಕಾಣುತ್ತಿತ್ತು.

ಮದುವೆಯಿದ್ದಲ್ಲಿ ಬಂದೂಕೂ ಇರುತ್ತಿತ್ತು. ವರನ ಕಡೆಯವರು ಬಂದಿಳಿದಾಗ ಸಂತೋಷಕ್ಕೆ ಆಕಾಶದ ಕಡೆ ಗುಂಡು ಹಾರಿಸುವುದು ಆ ಕಡೆಯ ಹಳೆಯ ರೂಢಿ. ಗುರುವಾರ ಸಂಜೆ ನರ್ಸ್‌ಗಳ ಹಾಸ್ಟೆಲಿನ ಕೋಣೆಯಲ್ಲಿ ಕೂತಿದ್ದರೆ ದೂರದಿಂದ ಟಪಟಪ ಕೇಳುತ್ತಿತ್ತು. ಹೊಸದಾಗಿ ಬಂದವರು ಹೆದರಿದರೆ ಹಳಬರು, ಮದುವೆ ಅದು, ಸುಮ್ಮನೆ ಮಲಗಿ ಎನ್ನುತ್ತಿದ್ದರು. ನಾನೂ ಹಾಗೆಯೇ ಹೇಳುತ್ತಿದ್ದೆ.

ಸದಾನಂದನನ್ನು ಆಸ್ಪತ್ರೆಗೆ ತಂದದ್ದು ಅಂಥ ಒಂದು ಗುರುವಾರ. ಕಟಪಾಡಿಯ ಹುಡುಗ, ಇಪ್ಪತ್ತೇಳು ಇಪ್ಪತ್ತೆಂಟರ ಪ್ರಾಯ. ಮದುವೆಮನೆಗಳಿಗೆ ದೀಪ ಹಾಕುವ ಒಬ್ಬ ಕಂತ್ರಾಟುದಾರನ ಬಳಿ ಎಲೆಕ್ಟ್ರಿಷಿಯನ್. ಒಂದು ಸರದ ಬಲ್ಬುಗಳು ನಂದಿಹೋಗಿದ್ದವು ಎಂದು ಏಣಿ ಹತ್ತಿದ್ದಾನೆ. ಅದೇ ಹೊತ್ತಿಗೆ ವರನ ಕಾರುಗಳು ಬಂದಿವೆ, ಅಂಗಳದಲ್ಲಿ ಹತ್ತಾರು ಬಂದೂಕು ಒಟ್ಟಿಗೆ ಹಾರಿವೆ. ಯಾರದೋ ಕೈ ಅದುರಿ ನಳಿಗೆ ಬಾಗಿತು. ಗುಂಡು ಸದಾನಂದನ ಬಲತೋಳಿನ ಎಲುಬು ಒಡೆದು ಆಚೆ ಹೊರಟುಹೋಯಿತು. ಜೊತೆಗೆ ಬಂದಿದ್ದ ಕಂತ್ರಾಟುದಾರನ ಮನುಷ್ಯ ಮಾತ್ರ ಏಣಿಯಿಂದ ಬಿದ್ದದ್ದು ಎಂದೇ ಹೇಳುತ್ತಿದ್ದ. ಅಂಗಿ ಕತ್ತರಿಸಿ ತೆಗೆದ ಮೇಲೆ ಈಜಿಪ್ಟಿನ ಡಾಕ್ಟರು ಆ ಮನುಷ್ಯನ ಮುಖವನ್ನೊಮ್ಮೆ ನೋಡಿದರು. ಅವನು ಬಾಗಿಲ ಕಡೆ ಸರಿದ. ಪೊಲೀಸರು ಬಂದರು, ಕೇಳಿದರು, ಹೋದರು. ಅಷ್ಟು ಬಂದೂಕುಗಳ ನಡುವೆ ಅದು ಯಾರ ಗುಂಡೆಂದು ಯಾರಿಗೂ ಗೊತ್ತಿರಲಿಲ್ಲ.

ಎಲುಬಿಗೆ ಆಪರೇಶನ್ ಆಯಿತು. ಗಾಯ ಚೆನ್ನಾಗಿಯೇ ಮಾಯತೊಡಗಿತು. ಆದರೆ ಬಲಗೈ ಮಣಿಕಟ್ಟಿನಲ್ಲಿ ಜೋತುಬಿದ್ದಿತ್ತು. ಹಸ್ತವನ್ನು ಎತ್ತು ಎಂದರೆ ಆಗುತ್ತಿರಲಿಲ್ಲ. ತೋಳಿನಲ್ಲಿ ಎಲುಬನ್ನು ಸುತ್ತಿಕೊಂಡು ಇಳಿಯುವ ಒಂದು ನರಕ್ಕೆ ಪೆಟ್ಟು ಬಿದ್ದಿತ್ತು. ನರ ತುಂಡಾಗಿಲ್ಲ, ತಿಂಗಳುಗಳು ಹಿಡಿಯಬಹುದು, ಬರಲೂಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಅಷ್ಟು ದಿನವೂ ಹಸ್ತವನ್ನು ಪಟ್ಟಿ ಕಟ್ಟಿ ಎತ್ತಿ ಹಿಡಿದಿರಬೇಕು, ದಿನಾ ವ್ಯಾಯಾಮ ಮಾಡಿಸಬೇಕು ಎಂದು ಹೇಳಿದರು.

ನಾನು ತುಳುವಿನಲ್ಲಿ ಮಾತಾಡಿದ ದಿನ ಅವನು ಅತ್ತ. ನಮ್ಮ ಕಡೆಯ ಹಿಂದೂಗಳು ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಬಾಯಮ್ಮ ಎಂದೇ ನನ್ನನ್ನು ಕರೆದ. ಮೂರೋ ನಾಲ್ಕೋ ದಿನದಲ್ಲಿ ಅದು ಅಕ್ಕ ಆಯಿತು.

ಮುಂದಿನ ಗುರುವಾರ ಸಂಜೆ ನಾನು ವಾರ್ಡಿನಲ್ಲಿ ಮದ್ದು ಕೊಡುತ್ತಿದ್ದೆ. ಹೊರಗೆ ದೂರದಲ್ಲಿ ಟಪಟಪ ಶುರುವಾಯಿತು. ತಿರುಗಿ ನೋಡಿದರೆ ಸದಾನಂದನ ಮಂಚ ಖಾಲಿ. ಬ್ಯಾಂಡೇಜಿನ ತೋಳನ್ನು ಎದೆಗೊತ್ತಿಕೊಂಡು ಅವನು ಮಂಚದ ಅಡಿಗೆ ತೆವಳಿಹೋಗಿದ್ದ. ಮೈಯೆಲ್ಲ ಬೆವರು. ಹೊರಗೆ ಬಾ ಎಂದರೆ ಬರಲೊಲ್ಲ. ಆಚೀಚೆಯ ಮಂಚದವರು ನೋಡುತ್ತಿದ್ದರು, ಒಬ್ಬಿಬ್ಬರು ನಕ್ಕರು ಕೂಡ. ನಾನು ಟ್ರಾಲಿಯನ್ನು ಬದಿಗಿಟ್ಟು ನೆಲದ ಮೇಲೆ ಕೂತುಕೊಂಡೆ.

“ಕಿಟಕಿ ಹಾಕಿ ಅಕ್ಕ,” ಎಂದ.

“ಹಾಕಿಯೇ ಉಂಟು ಸದಾನಂದ.”

“ಹಾಗಾದ್ರೆ ಮತ್ತೆ ಹೇಗೆ ಕೇಳ್ತದೆ?”

ಸದ್ದು ನಿಲ್ಲುವವರೆಗೆ ಕೂತೆ. ಇಷ್ಟು ವರ್ಷ ಹೊಸ ಹುಡುಗಿಯರಿಗೆ, ಮದುವೆ ಅದು, ಮಲಗಿ ಎಂದು ಹೇಳಿದ್ದು ನೆನಪಾಯಿತು.

ಅವನನ್ನು ಡಿಸ್ಚಾರ್ಜ್ ಮಾಡುವ ದಿನ ಹತ್ತಿರ ಬಂದಾಗ ಹೊಸ ತೊಂದರೆ ಎದುರಾಯಿತು. ಅವನ ಕಫೀಲ್, ಅಂದರೆ ಇಕಾಮಾ ಎಂಬ ವಾಸದ ಪರವಾನಗಿ ಯಾರ ಹೆಸರಲ್ಲಿತ್ತೋ ಆ ಧಣಿ, ಅದೇ ಕಂತ್ರಾಟುದಾರ. ಕೈ ಇಲ್ಲದ ಎಲೆಕ್ಟ್ರಿಷಿಯನ್ ನನಗೆ ಯಾಕೆ, ಎಕ್ಸಿಟ್ ಹೊಡೆಸಿ ಊರಿಗೆ ಕಳಿಸುತ್ತೇನೆ ಎಂದು ಹೇಳಿಕಳಿಸಿದ್ದ. ಊರಿಗೆ ಹೋದರೆ ಮಣಿಪಾಲದಲ್ಲಿ ತೋರಿಸಬಹುದಲ್ಲ ಎಂದು ನಾನು ಸಮಾಧಾನ ಹೇಳಹೊರಟೆ. ಸದಾನಂದ ತಲೆಯಾಡಿಸಿದ. ಅವನ ಅಮ್ಮನಿಗೆ ವಿಷಯವೇ ಗೊತ್ತಿರಲಿಲ್ಲ. ಜೋತುಬಿದ್ದ ಕೈಯೊಂದಿಗೆ ಆ ಅಂಗಳದಲ್ಲಿ ಹೋಗಿ ನಿಲ್ಲುವುದಿಲ್ಲ, ಕೈ ಎತ್ತಿ ನಮಸ್ಕಾರ ಮಾಡುವ ಹಾಗಾದ ದಿನ ಹೋಗುತ್ತೇನೆ ಎಂದ. ಹಾಗೆ ಹೇಳುವಾಗಲೂ ಆ ದಿನ ಬರುತ್ತದೆಂಬ ನಂಬಿಕೆ ಅವನ ಮುಖದಲ್ಲಿರಲಿಲ್ಲ.

ನಮ್ಮ ಮೇಟ್ರನ್ ಕೆಟ್ಟವರಲ್ಲ. ನನ್ನನ್ನು ಕೋಣೆಗೆ ಕರೆದು, ಗಾಯ ನೋಡುವುದು ನಮ್ಮ ಕೆಲಸ, ಗಾಯ ಮಾಡಿದವರ ಮತ್ತು ಧಣಿಗಳ ವಿಷಯ ನಮ್ಮದಲ್ಲ, ನೀನೂ ಇಕಾಮಾದಲ್ಲೇ ಇರುವವಳು ಎಂದು ಎಚ್ಚರಿಸಿದರು. ಅವರು ಹೇಳಿದ್ದು ನಿಜವೇ. ಆದರೂ ಆ ಸಂಜೆ ನಾನು ಜೋಹರಾಳಿಗೆ ಫೋನ್ ಮಾಡಿದೆ.

ಜೋಹರಾ ಉಳ್ಳಾಲದವಳು. ಅವಳ ಗಂಡ ಹಸನಬ್ಬ ತಾಯಿಫಿನ ಹಳೆಯ ಮಾರುಕಟ್ಟೆಯ ಬಳಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಸಂಸಾರ ಸಮೇತ ಅಲ್ಲಿದ್ದ ಬೆರಳೆಣಿಕೆಯ ಬ್ಯಾರಿಗಳಲ್ಲಿ ಅವರೊಬ್ಬರು. ಅವಳ ಎರಡನೆಯ ಹೆರಿಗೆಯಲ್ಲಿ ನಾನು ಜೊತೆಗಿದ್ದೆ. ಆಮೇಲೆ ಶುಕ್ರವಾರದ ಊಟಕ್ಕೆ ಅವರ ಮನೆಗೆ ಹೋಗುವುದು ನನಗೆ ರೂಢಿಯಾಗಿತ್ತು. ಹಸನಬ್ಬ ಮರುದಿನವೇ ಗಂಜಿಯ ಡಬ್ಬಿ ಹಿಡಿದು ವಾರ್ಡಿಗೆ ಬಂದರು. ಸದಾನಂದನ ಕಾಲ ಬಳಿ ಕೂತು ಎಲ್ಲ ಕೇಳಿದರು. ಏಳುವಾಗ ಹೇಳಿದ್ದು ಇಷ್ಟೇ:

“ಎಕ್ಸಿಟ್ ಎಲ್ಲ ಆಮೇಲೆ ನೋಡುವಾ ಮಾರಾಯ. ನಮ್ಮ ಮೇಲಿನ ಕೋಣೆ ಖಾಲಿ ಉಂಟು. ನೀನು ಅಲ್ಲಿಗೆ ಬಾ.”

ಈ ಕೆಲಸದಲ್ಲಿ ನನಗೆ ಬಲಗೈಯಾಗಿ ನಿಂತ ಇನ್ನೊಬ್ಬಳು ಆ ಊರಿನವಳೇ. ಉಮ್ ನೂರಾ, ಎಂದರೆ ನೂರಾಳ ತಾಯಿ. ಹಿಂದಿನ ವರ್ಷ ನಾನು ಮಕ್ಕಳ ವಾರ್ಡಿನಲ್ಲಿದ್ದಾಗ ಅವಳ ಹತ್ತು ವರ್ಷದ ಮಗಳು ನೂರಾಳನ್ನು ತಂದಿದ್ದರು. ಬೇಸಿಗೆಯಲ್ಲಿ ಅಲ್ಲಿಯವರು ಮನೆಯ ತಾರಸಿಯ ಮೇಲೆ ಹಾಸಿಗೆ ಹಾಕಿ ಮಲಗುತ್ತಾರೆ. ಎಲ್ಲೋ ಯಾವುದೋ ಮದುವೆಯಲ್ಲಿ ಆಕಾಶಕ್ಕೆ ಹಾರಿದ ಗುಂಡು ಕೆಳಗಿಳಿಯುತ್ತಾ ಮಲಗಿದ್ದ ಹುಡುಗಿಯ ಭುಜಕ್ಕೆ ಹೊಕ್ಕಿತ್ತು. ಗಾಯ ಮಾಯಿತು, ಆದರೆ ನೂರಾ ಮತ್ತೆ ತಾರಸಿಯ ಮೆಟ್ಟಿಲು ಹತ್ತಲಿಲ್ಲ. ಮಗಳಿಗೆ ಗುಣವಾದ ಮೇಲೂ ಉಮ್ ನೂರಾ ಏಲಕ್ಕಿ ಕಾಫಿಯ ಫ್ಲಾಸ್ಕು ಹಿಡಿದು ನನ್ನನ್ನು ನೋಡಲು ಬರುತ್ತಿದ್ದಳು. ಸದಾನಂದನ ಸುದ್ದಿ ಹೇಳಿದಾಗ ಅವಳು ಲೋಟ ಕೆಳಗಿಟ್ಟು, ಮದುವೆ ಯಾರ ಮನೆಯದು ಎಂದು ಕೇಳಿದಳು. ನಾನು ಹೇಳಿದೆ. ಅದು ಅವಳ ಸೋದರಮಾವನ ಮನೆ. ಆ ದಿನ ಅವಳೂ ಅಲ್ಲಿದ್ದಳು, ಹೆಂಗಸರ ಕಡೆ. ದೀಪದವನು ಏಣಿಯಿಂದ ಬಿದ್ದನೆಂದು ಒಳಗೆ ಸುದ್ದಿ ಬಂದಿತ್ತಂತೆ.

ಎರಡು ದಿನ ಬಿಟ್ಟು ಅವಳು ಆ ಸೋದರಮಾವನನ್ನೇ ವಾರ್ಡಿಗೆ ಕರೆತಂದಳು. ಅಬೂ ಮಿಸ್ಫರ್ ಎಂದು ಎಲ್ಲರೂ ಕರೆಯುತ್ತಿದ್ದ ಮುದುಕರು, ತೆಳ್ಳಗೆ, ಎತ್ತರ, ಮೆಹಂದಿ ಹಚ್ಚಿದ ಗಡ್ಡ. ಅವರ ಹಳ್ಳಿಯ ಕಡೆ ಅವರ ಮಾತಿಗೆ ತೂಕವಿತ್ತು. ರೋಗಿಯನ್ನು ನೋಡಲು ಬರುವ ಪದ್ಧತಿಯಂತೆ ಖರ್ಜೂರ ತಂದಿದ್ದರು. ಮಂಚದ ಬಳಿ ಕೂತು ಸದಾನಂದನ ಜೋತ ಕೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ, ಇದೆಲ್ಲ ದೇವರು ಬರೆದದ್ದು ಎಂದರು.

ಉಮ್ ನೂರಾ ಮುಸುಕಿನ ಒಳಗಿನಿಂದ ಮೆಲ್ಲಗೆ ಹೇಳಿದಳು: “ಮಾವ, ನನ್ನ ಮಗಳಿಗೂ ದೇವರು ಬರೆದದ್ದೇ. ನಮ್ಮ ಹುಡುಗರ ಕೈಗೆ ಬಂದೂಕು ಕೊಟ್ಟದ್ದು ಮಾತ್ರ ನಾವು.”

ಹೆಂಗಸು, ಅದೂ ಸೋದರಸೊಸೆ, ಪರದೇಶದವರ ಎದುರಿಗೆ ಹೀಗೆ ಹೇಳಿದ್ದಕ್ಕೆ ಮುದುಕರು ಸಿಟ್ಟಾಗುತ್ತಾರೆಂದು ನಾನು ಹೆದರಿದೆ. ಅವರು ಸಿಟ್ಟಾಗಲಿಲ್ಲ. ನಿನಗೆ ಏನು ಬೇಕು ಮಗನೇ ಎಂದು ಸದಾನಂದನನ್ನು ಕೇಳಿದರು. ಆ ಹೊತ್ತಿಗೆ ಗಂಜಿ ಹಿಡಿದು ಬಂದಿದ್ದ ಹಸನಬ್ಬ ಅದನ್ನು ತುಳುವಿಗೆ ತಂದರು. ಸದಾನಂದ ಏನು ಕೇಳಿಯಾನೆಂದು ನಾವೆಲ್ಲ ಕಾದೆವು.

“ಕೈ ಸರಿಯಾಗುವವರೆಗೆ ನನ್ನನ್ನು ಕಳಿಸ್ಬಾರ್ದು ಅಂತ ಹೇಳಿ,” ಎಂದ. ಮತ್ತೆ ತಲೆ ತಗ್ಗಿಸಿ, “ಆ ಸದ್ದು ನಿಲ್ಲಿಸ್ಲಿಕ್ಕೆ ಆಗ್ತದಾ ಅಂತಲೂ ಕೇಳಿ,” ಎಂದ.

ಮೊದಲನೆಯದನ್ನು ಅಬೂ ಮಿಸ್ಫರ್ ತಿಂಗಳೊಳಗೆ ಮಾಡಿಕೊಟ್ಟರು. ಕಂತ್ರಾಟುದಾರನೊಡನೆ ಮಾತಾಡಿ ಸದಾನಂದನ ಇಕಾಮಾವನ್ನು ತಮ್ಮ ಹೆಸರಿಗೇ ಬರೆಸಿಕೊಂಡರು. ಪರಿಹಾರದ ಮಾತನ್ನೂ ಆಮೇಲೆ ಹಿರಿಯರು ಕೂತು ನ್ಯಾಯವಾಗಿ ಮುಗಿಸಿದರು. ಎರಡನೆಯದಕ್ಕೆ ಅವರು ಆ ದಿನ ಉತ್ತರ ಕೊಡಲಿಲ್ಲ. ಎದ್ದು ಹೋದರು.

ಸದಾನಂದ ಹಸನಬ್ಬರ ಮೇಲಿನ ಕೋಣೆಗೆ ಬಂದ. ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಆಸ್ಪತ್ರೆಗೆ, ಉಳಿದ ದಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಒಂದು ಕುರ್ಚಿ. ಶುಕ್ರವಾರ ಅವರ ಮನೆಯಲ್ಲಿ ಊಟ. ಗಂಡಸರು ಹೊರಕೋಣೆಯಲ್ಲಿ, ನಾನೂ ಜೋಹರಾ ಒಳಗೆ, ನಡುವೆ ಒಂದು ಪರದೆ. ಮೀನುಸಾರಿನ ಪಾತ್ರೆ ಮಾತ್ರ ಆಚೀಚೆ ಹೋಗುತ್ತಿತ್ತು, ಮಾತೂ ಹಾಗೆಯೇ.

ಯಾಕೂಬ್ ಅಲ್ಲಿಗೆ ಬಂದದ್ದು ಹೇಗೆಂದರೆ, ಅವನು ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದ ಸುಡಾನಿನ ತೋಟಗಾರ. ಒಂದು ದಿನ ಯಾರೋ ಬಾಗಿಲು ಬಡಿದ ರಭಸಕ್ಕೆ ಸದಾನಂದ ಬೆಚ್ಚಿ ಮೇಜಿನಡಿ ಬಗ್ಗಿದ. ಚಹಾ ಕುಡಿಯುತ್ತಿದ್ದ ಯಾಕೂಬ್ ನಗಲಿಲ್ಲ, ಎದ್ದು ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತ. ತನ್ನ ಊರಿನ ಜಗಳಗಳ ಕಾಲದಲ್ಲಿ ಗುಂಡೇಟಿಗೆ ಒಂದು ಕಣ್ಣು ಕಳೆದುಕೊಂಡವನು ಅವನು. ತಾನೂ ಒಂದಿಡೀ ವರ್ಷ ಹೀಗೆಯೇ ನೆಲಕ್ಕೆ ಬೀಳುತ್ತಿದ್ದೆ ಎಂದು ಮುರುಕು ಹಿಂದಿಯಲ್ಲಿ ಹೇಳಿದನಂತೆ. ನಾಚಿಕೆ ಬೇಡ, ಮೈಗೆ ಬುದ್ಧಿ ಬರಲು ತಲೆಗಿಂತ ಹೆಚ್ಚು ಕಾಲ ಬೇಕು ಎಂದನಂತೆ. ಹಸನಬ್ಬ ಅವನನ್ನೂ ಶುಕ್ರವಾರಕ್ಕೆ ಕರೆದರು. ಆಮೇಲೆ ಅಂಥವರು ಇನ್ನೂ ಒಬ್ಬಿಬ್ಬರು ಬರತೊಡಗಿದರು. ಅದಕ್ಕೆ ನಾವು ಯಾವ ಹೆಸರನ್ನೂ ಇಡಲಿಲ್ಲ. ಊಟ ಮಾಡುತ್ತಿದ್ದರು, ಹೇಳಬೇಕೆನಿಸಿದವರು ಹೇಳುತ್ತಿದ್ದರು, ಸುಮ್ಮನಿರುವವರು ಸುಮ್ಮನಿರುತ್ತಿದ್ದರು. ಗಾಯಕ್ಕೆ ಕಟ್ಟು ಬೇಕಿದ್ದರೆ ನಾನು ಪರದೆ ಸರಿಸಿ ಹೋಗಿ ಕಟ್ಟುತ್ತಿದ್ದೆ. ಮಂಚದಡಿಯಿಂದ ಸದಾನಂದನನ್ನು ಹೊರಗೆ ಕರೆಯಲು ನನಗೆ ಆಗಿರಲಿಲ್ಲ. ಯಾಕೂಬನ ಜೊತೆ ನೆಲದಲ್ಲಿ ಕೂತು ಕೂತು ಅವನು ತಾನಾಗಿ ಕುರ್ಚಿಗೆ ಬಂದ.

ಅಮ್ಮನಿಗೆ ಕಾಗದ ಬರೆಯದೆ ತಿಂಗಳಾಗಿತ್ತು. ಬೇರೆಯವರ ಕೈಬರಹ ನೋಡಿದರೆ ಅವರಿಗೆ ಸಂಶಯ ಬರುತ್ತದೆಂದು ನನ್ನಿಂದ ಬರೆಸಲು ಅವನು ಒಪ್ಪಲಿಲ್ಲ. ಕೊನೆಗೆ ಜೋಹರಾ ತನ್ನ ಟೇಪ್‌ರೆಕಾರ್ಡರ್ ತಂದಿಟ್ಟಳು. ಆಗ ಗಲ್ಫಿನವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರಲ್ಲ, ಹಾಗೆ. ಗುರುವಾರ ಸಂಜೆ ಅವನು ಶುರುಮಾಡಿದನಂತೆ, ಅಮ್ಮ, ನಾನು ಸೌಖ್ಯ, ಇಲ್ಲಿ ಈಗ ಚಳಿ ಅಂದರೆ ನಂಬಲಿಕ್ಕಿಲ್ಲ ನೀವು ಎಂದು. ಅಷ್ಟರಲ್ಲಿ ಆಚೆ ಬೆಟ್ಟದ ಕಡೆ ಗುಂಡಿನ ಸದ್ದು. ಕ್ಯಾಸೆಟ್ಟಿನಲ್ಲಿ ಆಮೇಲೆ ಬರೀ ಉಸಿರು. ಜೋಹರಾ ಅದನ್ನು ನನಗೆ ಕೇಳಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಉಮ್ ನೂರಾಳಿಗೂ ಅದನ್ನು ಕೇಳಿಸಬೇಕು ಅನಿಸಿತು. ಸದಾನಂದನನ್ನು ಕೇಳಿದೆ, ಆಗಲಿ ಎಂದ. ತುಳು ಬಾರದ ಆ ಹೆಂಗಸಿಗೂ ಅದು ಅರ್ಥವಾಯಿತು. ಕ್ಯಾಸೆಟ್ಟನ್ನು ತನಗೆ ಕೊಡೆಂದು ಕೇಳಿ ತೆಗೆದುಕೊಂಡು ಹೋದಳು. ಅಮ್ಮನಿಗೆ ಬೇರೊಂದು ಕ್ಯಾಸೆಟ್ಟನ್ನು, ಮಂಗಳವಾರದ ಹಗಲಿನಲ್ಲಿ, ಕಿಟಕಿ ಮುಚ್ಚಿ ತುಂಬಿಸಿದೆವು.

ಆ ಬೇಸಿಗೆಯಲ್ಲಿ ಉಮ್ ನೂರಾ ಕರೆದ ಮದುವೆಗೂ ಹೋದಳು, ಕರೆಯದ ಮದುವೆಗೂ ಹೋದಳು. ಮದುವೆಗೆ ಮೊದಲೇ ವರನ ತಾಯಿಯ ಮನೆಗೆ ಹೋಗಿ ಕಾಫಿ ಕುಡಿಯುವ ನೆಪದಲ್ಲಿ ಕೂರುತ್ತಿದ್ದಳು. ಹಾಸ್ಟೆಲಿನ ಅನುಮತಿ ಸಿಕ್ಕಿದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ನಾನು ಮಾಡುತ್ತಿದ್ದದ್ದು ಹೆಚ್ಚೇನಲ್ಲ. ನನ್ನ ಅರಬ್ಬಿಯೂ ಆಸ್ಪತ್ರೆಯ ಅರಬ್ಬಿ, ನೋವು ಎಲ್ಲಿ, ಜ್ವರ ಉಂಟೇ ಎನ್ನುವಷ್ಟು. ಮೇಲೆ ಹೋದ ಗುಂಡು ಕೆಳಗೆ ಬರುತ್ತದೆ, ಬರುವಾಗ ಎಲುಬು ಒಡೆಯುವಷ್ಟು ಜೋರಿನಲ್ಲಿ ಬರುತ್ತದೆ ಎನ್ನುವುದನ್ನು ನರ್ಸ್ ಹೇಳಿದರೆ ಅವರು ನಂಬುತ್ತಿದ್ದರು. ಆಮೇಲೆ ಅವಳು ಕ್ಯಾಸೆಟ್ ಹಾಕುತ್ತಿದ್ದಳು.

ಎಲ್ಲರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಒಬ್ಬಾಕೆ, ಗುಂಡು ಹಾರದಿದ್ದರೆ ನನ್ನ ಮಗನ ಮದುವೆಯೋ ಯಾರದೋ ಸಾವೋ ಎಂದು ಜನ ಕೇಳುತ್ತಾರೆ ಎಂದಳು. ಇನ್ನೊಬ್ಬಾಕೆ ನಕ್ಕು ನಮಗೆ ಬಾಗಿಲು ತೋರಿಸಿದಳು. ಆದರೆ ಒಂದು ಮನೆಯಲ್ಲಿ ಕ್ಯಾಸೆಟ್ ಮುಗಿದ ಮೇಲೆ ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಮೂಗು ಒರೆಸಿಕೊಂಡು, ತನ್ನ ತಮ್ಮ ಸತ್ತದ್ದೂ ಮದುವೆಯ ಅಂಗಳದಲ್ಲೇ, ಇಷ್ಟು ವರ್ಷ ಆ ಮಾತನ್ನು ಯಾರೂ ಎತ್ತಿರಲಿಲ್ಲ ಎಂದಳು. ಆ ಮನೆಯ ಮದುವೆಯಲ್ಲಿ ಗುಂಡು ಹಾರಲಿಲ್ಲ. ಅದು ಮೊದಲನೆಯದು. ಆ ಗುರುವಾರ ಬೆಟ್ಟದ ಬೇರೆ ಕಡೆ ಸದ್ದು ಕೇಳಿತಾದರೂ ಉಮ್ ನೂರಾ ನನಗೆ ಫೋನ್ ಮಾಡಿ ತುಂಬ ಹೊತ್ತು ನಗುತ್ತಲೇ ಇದ್ದಳು.

ಸದಾನಂದನ ಕೈ ಎದ್ದ ದಿನ ನಾನು ಎದುರಿಗಿರಲಿಲ್ಲ. ಬೇಸಿಗೆ ಕೊನೆಯಾಗುತ್ತಿತ್ತು. ಮಾರುಕಟ್ಟೆಯಲ್ಲಿ ದಾಳಿಂಬೆ ಬಂದಿತ್ತು. ಜೋಹರಾ ಹೇಳಿದ ಪ್ರಕಾರ, ಅವನು ಪಟ್ಟಿ ಬಿಚ್ಚಿ ನಲ್ಲಿಯಡಿ ಕೈ ತೊಳೆದು, ನೀರು ಕೊಡವಲು ಎರಡೂ ಕೈ ಝಾಡಿಸಿದ್ದಾನೆ. ಬಲಗೈಯ ಹಸ್ತ ಒಂದಿಷ್ಟು ಮೇಲೆದ್ದಿದೆ. ಅವನಿಗೇ ನಂಬಿಕೆಯಾಗದೆ ಮತ್ತೆ ನೀರು ಹಾಕಿಕೊಂಡು ಮತ್ತೆ ಕೊಡವಿದ್ದಾನೆ. ಆಮೇಲೆ ಹಸನಬ್ಬರನ್ನು ಕರೆದಿದ್ದಾನೆ. ಹಸನಬ್ಬ ಹೋಟೆಲಿನ ಗಿರಾಕಿಗಳನ್ನೆಲ್ಲ ಕರೆದಿದ್ದಾರೆ. ನೋಡಲು ನಿಂತವರ ಮುಂದೆ ಪಾಪ ಕೈ ನಾಚಿಕೊಂಡು ಏಳಲೇ ಇಲ್ಲವಂತೆ. ಮರುದಿನ ಆಸ್ಪತ್ರೆಯಲ್ಲಿ ನಾನು ಅವನ ಮುಂಗೈ ಹಿಡಿದು, ಎತ್ತು ಎಂದೆ. ಚರ್ಮದಡಿ ಸ್ನಾಯು ಅಲುಗಿದ್ದು ನನ್ನ ಬೆರಳಿಗೆ ತಿಳಿಯಿತು. ಹಸ್ತ ನಡುಗುತ್ತಾ ಎದ್ದು, ಒಂದು ಕ್ಷಣ ನಿಂತು, ಬಿತ್ತು. ಈಜಿಪ್ಟಿನ ಡಾಕ್ಟರನ್ನು ಕರೆದೆ. ಅವರು ಅವನ ಬೆನ್ನು ತಟ್ಟಿ, ಇನ್ನು ದಾರಿ ಅದಕ್ಕೇ ಗೊತ್ತು, ನೀನು ಅವಸರ ಮಾಡಬೇಡ ಎಂದರು. ನಾನು ಸ್ಟೋರ್ ರೂಮಿಗೆ ಹೋಗಿ ಬ್ಯಾಂಡೇಜಿನ ಪೆಟ್ಟಿಗೆಗಳ ನಡುವೆ ನಿಂತು ಮನಸಾರೆ ಅತ್ತು ಬಂದೆ.

ಅದಾಗಿ ಎರಡು ವಾರಕ್ಕೆ ಅಬೂ ಮಿಸ್ಫರ್ ಹೋಟೆಲಿಗೆ ಬಂದರು. ಅವರ ಎರಡನೆಯ ಮಗನ ಮದುವೆ ಗೊತ್ತಾಗಿತ್ತು. ದೀಪ ಸದಾನಂದನೇ ಹಾಕಬೇಕು, ಏಣಿ ಹತ್ತಲು ಬೇರೆಯವರನ್ನು ಕೊಡುತ್ತೇನೆ, ಅವನು ಕೆಳಗೆ ಕೂತು ಹೇಳಿದರೆ ಸಾಕು ಎಂದರು. ಬಂದೂಕು ತಂದವರ ಬಂದೂಕನ್ನು ನಾನೇ ಗೇಟಿನಲ್ಲಿ ತೆಗೆದಿಡುತ್ತೇನೆ ಎಂದರು. ಆದರೆ ಒಂದು ಮಾತನ್ನು ಮುಚ್ಚಿಡಲಿಲ್ಲ. ಅವರ ಕಡೆಯ ಹಿರಿಯರದೊಂದು ಕುಣಿತವಿದೆ. ಉದ್ದ ನಳಿಗೆಯ ಹಳೇ ಕೋವಿಗೆ ಮದ್ದು ಮಾತ್ರ ತುಂಬಿ, ಗುಂಡು ಹಾಕದೆ, ಮೇಲಕ್ಕೆ ನೆಗೆದು ನಳಿಗೆಯನ್ನು ಕಾಲಡಿಯ ನೆಲಕ್ಕೆ ಹಿಡಿದು ಸಿಡಿಸುವುದು. ಅದು ಅಪ್ಪ ಅಜ್ಜಂದಿರದು, ಅದನ್ನು ಬಿಡಲು ತಮ್ಮಿಂದ ಆಗದು, ಅದರಿಂದ ಯಾರಿಗೂ ಪೆಟ್ಟಾಗದು, ಆದರೆ ಸದ್ದು ಇರುತ್ತದೆ. ಬರುವುದು ಬಿಡುವುದು ನಿನ್ನ ಇಷ್ಟ ಎಂದು ಸದಾನಂದನ ಎದುರು ಕೂತೇ ಹೇಳಿದರು.

ಬೇಡ, ಹೋಗುವುದು ಬೇಡ ಎಂದು ಜೋಹರಾ ಪರದೆಯ ಈಚೆಯಿಂದಲೇ ಹೇಳಿದಳು. ನನಗೂ ಹಾಗೆಯೇ ಅನಿಸಿತ್ತು. ಸದಾನಂದ ವಾರವಿಡೀ ಯೋಚಿಸಿದ. ಶುಕ್ರವಾರ ಊಟದ ಹೊತ್ತಿಗೆ, ಹೋಗ್ತೇನೆ ಅಕ್ಕ, ಎಂದ. ಯಾಕೂಬ್ ಜೊತೆಗೆ ಬರ್ತಾನಂತೆ.

ಮದುವೆಯೂ ಗುರುವಾರವೇ. ಸಂಜೆ ನಾವೆಲ್ಲ ಹಸನಬ್ಬರ ಕಾರಿನಲ್ಲಿ ಹೋದೆವು. ಬಿಸಿಲು ಇಳಿಯುತ್ತಿತ್ತು. ಮಧ್ಯಾಹ್ನದ ಮಳೆಗೆ ನೆನೆದ ಕಲ್ಲುಬೆಟ್ಟ ಇನ್ನೂ ಹಬೆಯಾಡುತ್ತಿತ್ತು. ಗೇಟಿನಲ್ಲಿ ಅಬೂ ಮಿಸ್ಫರ್ ಹೊಸ ಬಿಳಿ ನಿಲುವಂಗಿ ತೊಟ್ಟು ನಿಂತಿದ್ದರು. ಕಾರು ಬಂದ ಹಾಗೆಲ್ಲ ಒಳಗೆ ಬಗ್ಗಿ, ಅಪ್ಪಿ ಮುತ್ತಿಟ್ಟು, ಬಂದೂಕಿದ್ದರೆ ಕೈಚಾಚಿ ಕೇಳುತ್ತಿದ್ದರು. ಹುಡುಗರ ಮುಖ ಸಪ್ಪಗಾಗುತ್ತಿತ್ತು. ಒಬ್ಬ ಕೊಡಲೊಲ್ಲದೆ ವಾದ ಮಾಡಿದ. ಮುದುಕರು ದನಿ ಏರಿಸಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಹಿಂದೆ ಕಾರುಗಳ ಸಾಲು ಬೆಳೆದು ಹಾರ್ನ್ ಶುರುವಾದ ಮೇಲೆ ಅವನು ಕೊಟ್ಟ. ಅವೆಲ್ಲ ಒಂದು ಕೋಣೆ ಸೇರಿ ಬೀಗ ಬಿತ್ತು.

ನಾನೂ ಜೋಹರಾ ಹೆಂಗಸರ ಕಡೆ ಹೋದೆವು. ಅಂಗಳದ ಕುಣಿತ ಕಾಣುವುದು ತಾರಸಿಯಿಂದ. ಹೆಂಗಸರೆಲ್ಲ ಅಲ್ಲಿ ಕಟ್ಟೆಯ ಜಾಲರಿಗೆ ಮುಖ ಒತ್ತಿ ನಿಂತಿದ್ದರು. ಕೆಳಗೆ ಬಲ್ಬಿನ ಸರಗಳೆಲ್ಲ ಹೊತ್ತಿಕೊಂಡಾಗ ಇಡೀ ತಾರಸಿ ಹೋ ಎಂದಿತು. ಅಂಗಳದ ಒಂದು ಬದಿಯ ಕುರ್ಚಿಯಲ್ಲಿ ಸದಾನಂದ, ಅವನ ಎಡಕ್ಕೆ ಯಾಕೂಬ್. ಕೋವಿ ಹಿಡಿದ ಹಿರಿಯರು ಸಾಲಾಗಿ ಬಂದಾಗ ಸದಾನಂದ ಕುರ್ಚಿಯ ಅಂಚು ಹಿಡಿದದ್ದು ಅಷ್ಟು ಮೇಲಿನಿಂದಲೂ ನನಗೆ ಕಂಡಿತು. ಅಷ್ಟರಲ್ಲಿ ಅಬೂ ಮಿಸ್ಫರ್ ಗೇಟು ಬಿಟ್ಟು ಬಂದು ಅವನ ಬಲಕ್ಕೆ ಕೂತರು, ಅವನ ಬಲಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

ತಮಟೆಗೆ ಪೆಟ್ಟು ಬಿತ್ತು. ಮೊದಲ ಮುದುಕ ಓಡಿಬಂದು ನೆಗೆಯುವ ಮೊದಲು ಅಬೂ ಮಿಸ್ಫರ್ ಸದಾನಂದನ ಕಿವಿಗೆ ಬಾಗಿ ಏನೋ ಹೇಳಿದರು. ಸಿಡಿದ ಸದ್ದಿಗೆ ಬೆಟ್ಟ ಮಾರ್ನುಡಿಯಿತು, ಕಾಲಡಿಯಿಂದ ಬಿಳಿಹೊಗೆ ಎದ್ದಿತು. ಸದಾನಂದ ನಡುಗಿದ. ಕೆಳಗೆ ಬೀಳಲಿಲ್ಲ. ಎರಡನೆಯವನು ನೆಗೆಯುವ ಮೊದಲು ಮತ್ತೆ ಬಾಗಿ ಹೇಳಿದರು. ಮೂರನೆಯವನಿಗೂ ಹಾಗೆಯೇ. “ದಹೀನ್” ಎನ್ನುತ್ತಿದ್ದರಂತೆ, ಅಲ್ಲಿಯ ಮಾತಿನಲ್ಲಿ ‘ಈಗ’ ಎಂದು. ಅದನ್ನು ಸದಾನಂದ ಆಮೇಲೆ ಹೇಳಿದ. ಯಾವಾಗ ಬರುತ್ತದೆಂದು ಗೊತ್ತಿದ್ದರೆ ಆ ಸದ್ದು ಬೇರೆಯೇ ಅಕ್ಕ ಎಂದ.

ನನ್ನ ಬೆನ್ನಿಗೆ ಯಾರೋ ತಾಗಿದ ಹಾಗಾಯಿತು. ನೂರಾ. ಮೆಟ್ಟಿಲು ಹತ್ತಿ ಬಂದು ನನ್ನ ಹಿಂದೆ ಅವಿತುಕೊಂಡಿದ್ದಳು. ಉಮ್ ನೂರಾ ಅವಳನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಹುಡುಗಿ ನನ್ನ ತೋಳಿನಡಿಯಿಂದ ಜಾಲರಿಗೆ ಕಣ್ಣಿಟ್ಟಳು. ತಾತ ಅಬೂ ಮಿಸ್ಫರ್ ತಲೆ ಬಾಗಿಸುವುದನ್ನೂ ಮರುಕ್ಷಣ ಸದ್ದಾಗುವುದನ್ನೂ ಸ್ವಲ್ಪ ಹೊತ್ತು ಗಮನಿಸಿದಳು. ಆಮೇಲೆ ತಾತ ಬಾಗಿದಾಗಲೆಲ್ಲ ನನ್ನ ಕೈ ಅದುಮುತ್ತಿದ್ದಳು. ಆಕಾಶದ ಕಡೆ ಒಂದೂ ಗುಂಡು ಹಾರಲಿಲ್ಲ. ಊಟಕ್ಕೆ ಕರೆಯುವವರೆಗೂ ಅವಳು ತಾರಸಿಯ ಮೇಲೆಯೇ ಇದ್ದಳು.

ಊರಿಗೆಲ್ಲ ಬುದ್ಧಿ ಬಂತು ಎಂದು ನಾನು ಹೇಳಲಾರೆ. ನಾನು ಅಲ್ಲಿದ್ದಷ್ಟು ವರ್ಷ ಒಮ್ಮೊಮ್ಮೆ ಆ ಸದ್ದು ಕೇಳುತ್ತಲೇ ಇತ್ತು. ಆದರೆ ಅಬೂ ಮಿಸ್ಫರ್ ಮನೆಯಲ್ಲಿ ಆದದ್ದನ್ನು ನೋಡಿ ಅವರ ಬಳಗದ ಮದುವೆಗಳಲ್ಲಿ ಅದು ನಿಂತಿತು. ಸದಾನಂದ ಮತ್ತೆ ಎರಡು ವರ್ಷ ಅವರ ಬಳಿಯೇ ಕೆಲಸ ಮಾಡಿ ಊರಿಗೆ ಹೋದ. ಈಗ ಕಟಪಾಡಿಯಲ್ಲಿ ಅವನದೇ ಅಂಗಡಿ ಇದೆ. ತುಂಬ ಚಳಿಯಾದರೆ ಮಾತ್ರ ಹೆಬ್ಬೆರಳು ಸ್ವಲ್ಪ ಹಟ ಮಾಡುತ್ತದಂತೆ.

ಆ ಮದುವೆಯ ಸಂಜೆ ಹಿಂದಿರುಗುವಾಗ ಸದಾನಂದ ಕಾರಿನ ಮುಂದಿನ ಸೀಟಿನಲ್ಲಿದ್ದ. ಯಾಕೂಬ್ ಬೇರೆ ಕಾರು ಹಿಡಿದು ಹೋಗಿದ್ದ. ಕುಣಿತ ಹೇಗಿತ್ತೆಂದು ಜೋಹರಾ ಹಿಂದಿನಿಂದ ಕೇಳಿದಳು. ಉತ್ತರ ಬರಲಿಲ್ಲ. ಬಗ್ಗಿ ನೋಡಿದರೆ ತಲೆ ಗಾಜಿಗೆ ಒರಗಿಸಿ, ಬಾಯಿ ತುಸು ತೆರೆದು ಅವನು ನಿದ್ದೆಹೋಗಿದ್ದ. ಗುರುವಾರ ಸಂಜೆ ಅವನು ಹಾಗೆ ಮಲಗಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಹಾಸ್ಟೆಲಿನ ತಿರುವು ಬಂತು. ಹಸನಬ್ಬ ವೇಗ ತಗ್ಗಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿದರು.

“ಎಂತ ಮಾಡುವುದು ಸಿಸ್ಟರ್? ನಿಲ್ಲಿಸಿದ್ರೆ ಎಚ್ಚರ ಆಗ್ತದೆ.”

ಹಾಸ್ಟೆಲಿನವರು ಕೊಟ್ಟ ಅನುಮತಿಯ ಹೊತ್ತು ಇನ್ನೂ ಸ್ವಲ್ಪ ಉಳಿದಿತ್ತು. ಇನ್ನೊಂದು ಸುತ್ತು ಹೋಗಿ ಎಂದೆ. ಅವರು ತಿರುವು ಬಿಟ್ಟು ನೇರ ಹೋದರು, ಹೊಂಡ ಬಂದಲ್ಲಿ ಮೆಲ್ಲಗೆ ಇಳಿಸಿ ಮೆಲ್ಲಗೆ ಹತ್ತಿಸುತ್ತಾ, ಊರನ್ನು ಪೂರ್ತಿ ಒಂದು ಸುತ್ತು ಹಾಕಿದರು.